ಚೀಲ ಸೋರುತ್ತಿದೆ, ಅವರು ನೋಡುವುದೂ ಇಲ್ಲ

ಪ್ರಶ್ನೆ: ನನ್ನ ಗಂಡನಿಗೆ ಆಪರೇಷನ್ ಮಾಡಿ ಸಣ್ಣಕರುಳಿನ ತುದಿಯನ್ನು ಹೊಟ್ಟೆಯ ಮೇಲೆ ತಂದು ಹೊಲಿದಿದ್ದಾರೆ. ಮನೆಗೆ ಬಂದು ಮೂರು ವಾರ ಆಯಿತು. ಮೊದಮೊದಲು ಅದರ ಮೇಲೆ ಅಂಟಿಸುವ ಮಲದ ಚೀಲ ಚೆನ್ನಾಗಿ ಕೂರುತ್ತಿತ್ತು. ಈಗ ದಿನಾ ಸೋರುತ್ತದೆ, ಸುತ್ತಲ ಚರ್ಮ ಕೆಂಪಾಗಿ ಉರಿಯುತ್ತದೆ. ಒರೆಸುವಾಗ ರಕ್ತ ಕಂಡರೆ ನನ್ನ ಕೈ ನಡುಗುತ್ತದೆ. ಅವರು ಗೋಡೆ ಕಡೆ ಮುಖ ಮಾಡಿ ಮಲಗಿಬಿಡುತ್ತಾರೆ. ನನ್ನ ಕೈ ತಗುಲೀತೆಂದು ನಾನು ಬೇರೆ ಹಾಸಿಗೆಗೆ ಹೋಗಿದ್ದೇನೆ.

ಉತ್ತರ: ಚೀಲದ ಅಂಟಿನ ಭಾಗದಲ್ಲಿ ಆಸ್ಪತ್ರೆಯವರು ಹೇಳಿದ ಅಳತೆಗೇ ಇನ್ನೂ ತೂತು ಕತ್ತರಿಸುತ್ತಿದ್ದೀರಿ, ಅಲ್ವಾ? ನರ್ಸ್ ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೂ ಒಬ್ಬರಿಗೆ ಇಪ್ಪತ್ತು ಚೀಲಗಳನ್ನು ಮುಂಚೆಯೇ ಕತ್ತರಿಸಿ ಕೊಟ್ಟು ಕಳಿಸಿದ್ದೆ. ದೊಡ್ಡ ಉಪಕಾರ ಮಾಡಿದೆ ಅಂದುಕೊಂಡಿದ್ದೆ. ತಿಂಗಳೊಳಗೆ ಅವರು ಚರ್ಮವೆಲ್ಲ ಹುಣ್ಣಾಗಿ ವಾಪಸ್ ಬಂದರು.

ಆಪರೇಷನ್ ಆದಾಗ ಸ್ಟೋಮಾ, ಅಂದರೆ ಹೊಟ್ಟೆಯ ಮೇಲೆ ತಂದು ಹೊಲಿದ ಆ ಕರುಳಿನ ತುದಿ, ಊದಿರುತ್ತದೆ. ಆಮೇಲೆ 6ರಿಂದ 8 ವಾರ ಕುಗ್ಗುತ್ತಾ ಹೋಗುತ್ತದೆ. ತೂತು ಮಾತ್ರ ಹಳೆಯ ಅಳತೆಯಲ್ಲೇ ಉಳಿದರೆ ನಡುವೆ ಚರ್ಮ ಬಯಲಾಗುತ್ತದೆ. ಸಣ್ಣಕರುಳಿನಿಂದ ಬರುವುದರಲ್ಲಿ ಜೀರ್ಣರಸ ಇರುತ್ತದೆ, ಅದು ಚರ್ಮವನ್ನೇ ಸುಡುತ್ತದೆ. ಹಸಿ ಚರ್ಮಕ್ಕೆ ಅಂಟು ಹಿಡಿಯುವುದಿಲ್ಲ, ಮತ್ತೆ ಸೋರಿಕೆ. ಹಾಗಾಗಿ ಈಗ ವಾರಕ್ಕೊಮ್ಮೆ ಅಳೆಯಿರಿ. ತೂತು ಸ್ಟೋಮಾಗಿಂತ 2–3 ಮಿಲಿಮೀಟರ್ ದೊಡ್ಡದಿದ್ದರೆ ಸಾಕು. ಬೆಚ್ಚಗಿನ ಬರೀ ನೀರಿನಲ್ಲಿ ಒರೆಸಿ, ಪೂರ್ತಿ ಒಣಗಿಸಿ ಅಂಟಿಸಿ. ಎಣ್ಣೆ, ಕ್ರೀಮು ಬೇಡವೇ ಬೇಡ. ಬೆಳಿಗ್ಗೆ ಏನೂ ತಿನ್ನುವ ಮೊದಲು ಬದಲಿಸಿ, ಆಗ ಹರಿವು ಕಡಿಮೆ. ಚೀಲ ಅರ್ಧ ತುಂಬುವ ಮುಂಚೆ ಖಾಲಿ ಮಾಡಿ. ಅಳತೆ ಸರಿಮಾಡಿದ ಮೇಲೂ ಸೋರಿದರೆ ಸ್ಟೋಮಾ ನರ್ಸ್‌ಗೆ ತೋರಿಸಿ, ಚೀಲದ ಬಗೆಯನ್ನೇ ಬದಲಿಸಬೇಕಾಗಬಹುದು.

ಒರೆಸುವಾಗ ನಾಲ್ಕು ಹನಿ ರಕ್ತ ಬಂದರೆ ಗಾಬರಿ ಬೇಡ. ನಮ್ಮ ಬಾಯಿಯ ಒಳಗಿನಂಥದೇ ತೆಳು ಪದರ ಅದು. ರಕ್ತ ನಿಲ್ಲದಿದ್ದರೆ, ಸ್ಟೋಮಾ ನೇರಳೆ ಅಥವಾ ಕಪ್ಪಾದರೆ, ಹೊಟ್ಟೆ ಹಿಂಡಿ ವಾಂತಿಯಾಗಿ ಚೀಲಕ್ಕೆ ಏನೂ ಬರದಿದ್ದರೆ ಕೂಡಲೇ ಆಸ್ಪತ್ರೆಗೆ ಹೋಗಿ. ದಿನಕ್ಕೆ ಒಂದೂವರೆ ಲೀಟರ್‌ಗಿಂತ ಜಾಸ್ತಿ ನೀರುನೀರಾಗಿ ಹೋದರೂ ಡಾಕ್ಟರಿಗೆ ಹೇಳಿ. ಆಗ ಸುಮ್ನೆ ನೀರು ಕುಡಿಸುತ್ತಾ ಹೋದರೆ ಉಪ್ಪಿನಂಶ ಇನ್ನೂ ಇಳಿಯುತ್ತದೆ. ಓಆರ್‌ಎಸ್ ಎಷ್ಟು ಕೊಡಬೇಕೆಂದು ಕೇಳಿಕೊಳ್ಳಿ.

ಇನ್ನು ಅವರು ಗೋಡೆ ನೋಡುವ ವಿಚಾರ. ಬೈಯಬೇಡಿ, ಹಾಗಂತ ಎಲ್ಲವನ್ನೂ ನೀವೇ ಮಾಡಲೂ ಬೇಡಿ. ನಾಳೆ ಒದ್ದೆ ಬಟ್ಟೆ ಹಿಡಿದುಕೊಳ್ಳಲು ಹೇಳಿ, ಅಷ್ಟೇ. ಇನ್ನೆರಡು ದಿನ ಬಿಟ್ಟು ಚೀಲದ ಬಾಯಿ ಮುಚ್ಚಲಿ. ನಾನು ಕಂಡಂತೆ ಅಳತೆ ಕಾರ್ಡನ್ನು ಕೈಗೆ ಕೊಟ್ಟರೆ ಗಂಡಸರು ಬೇಗ ಬಗ್ಗುತ್ತಾರೆ! ಅಳೆಯಬೇಕಾದರೆ ನೋಡಲೇಬೇಕಲ್ಲ.

ಸ್ಟೋಮಾ ಮುಟ್ಟಿದರೆ ನೋವಾಗುವುದಿಲ್ಲ, ನೋವು ತಿಳಿಸುವ ನರ ಅದರಲ್ಲಿಲ್ಲ. ರಾತ್ರಿ ಚೀಲ ಖಾಲಿ ಮಾಡಿಸಿ, ನೀವು ನಿಮ್ಮ ಹಾಸಿಗೆಗೆ ವಾಪಸ್ ಹೋಗಿ ಮಲಗಿ.