ನಾಯಿ ಸುಮ್ಮನಾಗಿದೆ, ಒಪ್ಪಿಕೊಂಡಿಲ್ಲ

ಪ್ರಶ್ನೆ: ನಮ್ಮ ನಾಯಿಗೆ ಆರು ವರ್ಷ, ಮಗಳಿಗೆ ಒಂಬತ್ತು ತಿಂಗಳು. ಮಗು ತೊಟ್ಟಿಲಲ್ಲಿ ಇರುವಷ್ಟು ದಿನ ತೊಂದರೆ ಇರಲಿಲ್ಲ. ಈಗ ಅಂಬೆಗಾಲಿಡುತ್ತಾ ನಾಯಿಯ ಹಾಸಿಗೆ ಹತ್ತಿರ ಹೋದಾಗ ಅದು ಗುರ್ ಎಂದಿತು. ನಮ್ಮವರು ಗದರಿ ಒಂದೇಟು ಕೊಟ್ಟರು. ಅಂದಿನಿಂದ ಸದ್ದಿಲ್ಲ, ಆದರೆ ಮಗು ಬಂದರೆ ಮುಖ ತಿರುಗಿಸುತ್ತದೆ. ಯಾರಿಗಾದರೂ ಕೊಟ್ಟುಬಿಡಿ ಎನ್ನುತ್ತಾರೆ ಅತ್ತೆ. ಏನು ಮಾಡಲಿ?

ಉತ್ತರ: ಆ ಮೌನವೇ ಆತಂಕದ ವಿಷಯ. ಗುರುಗುಟ್ಟುವುದೆಂದರೆ ‘ಹತ್ತಿರ ಬರಬೇಡ’ ಎಂಬ ಎಚ್ಚರಿಕೆ. ಅದಕ್ಕೆ ಏಟು ಬಿದ್ದರೆ ಎಚ್ಚರಿಕೆ ನಿಲ್ಲುತ್ತದೆ, ಭಯ ಹಾಗೇ ಉಳಿಯುತ್ತದೆ. ಮುಂದಿನ ಸಲ ಸದ್ದೇ ಮಾಡದೆ ಕಚ್ಚಬಹುದು. ಇನ್ನು ಮೇಲೆ ಹೊಡೆಯಬೇಡಿ, ಗದರಬೇಡಿ. ಗುರ್ ಎಂದರೆ ಗಲಾಟೆ ಮಾಡದೆ ಇಬ್ಬರನ್ನೂ ದೂರ ಮಾಡಿ.

ಮುಖ ತಿರುಗಿಸುವುದೂ ಅದರ ಮಾತೇ. ನಿದ್ದೆ ಬಾರದಿದ್ದರೂ ಆಕಳಿಸುವುದು, ತಿನ್ನಲು ಏನೂ ಇಲ್ಲದಿದ್ದರೂ ತುಟಿ ನೆಕ್ಕುವುದು, ಕಣ್ಣಂಚಿನ ಬಿಳಿ ಕಾಣುವಂತೆ ಓರೆಯಾಗಿ ನೋಡುವುದು ಇವೆಲ್ಲ ಗುರುಗುಟ್ಟುವ ಮೊದಲಿನ ಸೂಚನೆಗಳು. ಬಾಯಿ ಮುಚ್ಚಿ, ಮೈ ಬಿಗಿ ಹಿಡಿದು ಅಲ್ಲಾಡದೆ ನಿಂತರೆ ಒಂದು ಕ್ಷಣವೂ ಕಾಯದೆ ಇಬ್ಬರನ್ನೂ ದೂರ ಮಾಡಿ.

ಮೊದಲು ಪಶುವೈದ್ಯರಿಗೆ ತೋರಿಸಿ. ಕೀಲು, ಕಿವಿ ಅಥವಾ ಹಲ್ಲಿನ ನೋವಿದ್ದ ನಾಯಿ ಯಾರಾದರೂ ಮುಟ್ಟಿಯಾರೆಂದೇ ಹೆದರುತ್ತದೆ. ಅದರ ಹಾಸಿಗೆ, ಊಟದ ಬಟ್ಟಲು, ಆಟಿಕೆ ಎಲ್ಲವನ್ನೂ ಮಗು ಹೋಗಲಾಗದ ಕೋಣೆಯಲ್ಲಿಟ್ಟು ಬಾಗಿಲಿಗೆ ಬೇಬಿ ಗೇಟ್ ಹಾಕಿಸಿ. ಅಡ್ಡಪಟ್ಟಿಯ ಗೇಟ್ ಬೇಡ, ಮಗು ಹತ್ತಿಬಿಡುತ್ತದೆ.

ಆಮೇಲೆ ಅಭ್ಯಾಸ. ನಾಯಿ ಗೇಟಿನ ಆಚೆ, ಮಗು ಎಂಟು-ಹತ್ತು ಅಡಿ ದೂರದಲ್ಲಿ ನಿಮ್ಮ ಮಡಿಲಲ್ಲಿ. ಇನ್ನೊಬ್ಬರು ನಾಯಿಯ ಪಕ್ಕದಲ್ಲಿರಲಿ. ಮಗು ಕಣ್ಣಿಗೆ ಬಿದ್ದ ಮೇಲೆ ಅದಕ್ಕಿಷ್ಟವಾದ ತಿಂಡಿಯನ್ನು ಕಡಲೆಕಾಳಿನಷ್ಟು ಚೂರು ಮಾಡಿ ಒಂದೊಂದೇ ಹಾಕಲಿ. ಮಗು ಮರೆಯಾದ ಕೂಡಲೇ ನಿಲ್ಲಿಸಲಿ. ಈ ಕ್ರಮ ತಪ್ಪಬಾರದು: ಮೊದಲು ಮಗು, ನಂತರ ತಿಂಡಿ. ದಿನಕ್ಕೆ ಎರಡು ಸಲ, ಎರಡು-ಮೂರು ನಿಮಿಷ ಸಾಕು. ಇಷ್ಟದ ತಿಂಡಿಯನ್ನೂ ಮೂಸಿ ಬಿಟ್ಟರೆ ಅಂತರ ಸಾಲದು ಎಂದರ್ಥ, ಹಿಂದೆ ಸರಿಯಿರಿ. ಕೆಲವು ದಿನಗಳಲ್ಲಿ ಮಗು ಕಂಡೊಡನೆ ಮೈ ಸಡಿಲಿಸಿ ‘ತಿಂಡಿ ಎಲ್ಲಿ’ ಎಂಬಂತೆ ನೋಡತೊಡಗಿದರೆ ಒಂದು ಅಡಿ ಹತ್ತಿರವಾಗಿ.

ಬಹಳ ಜನ ಎಡವುವುದು ಒಂದೇ ಕಡೆ: ಮಗುವಿನ ಕೈಯಿಂದಲೇ ತಿನ್ನಿಸಲು ಹೋಗುತ್ತಾರೆ. ನಾಯಿ ಆಸೆಗೆ ಬರುತ್ತದೆ, ತಿಂದು ಮುಗಿಸಿ ತಲೆಯೆತ್ತಿದರೆ ಹೆದರಿಸುವ ಮುಖ ಮೂಗಿನ ಮುಂದೆಯೇ ಇರುತ್ತದೆ. ಆಗಲೇ ಅನಾಹುತ.

ಅಭ್ಯಾಸ ಎಷ್ಟೇ ಚೆನ್ನಾಗಿ ಸಾಗಲಿ, ಇಬ್ಬರನ್ನೇ ಬಿಟ್ಟು ಫೋನ್ ತೆಗೆದುಕೊಳ್ಳಲೂ ಏಳಬೇಡಿ. ನೀವು ಏಳುವುದಾದರೆ ಮಗು ನಿಮ್ಮ ಜೊತೆಗೆ ಬರಲಿ, ಇಲ್ಲವೇ ನಾಯಿ ಗೇಟಿನ ಆಚೆ ಹೋಗಲಿ. ಹಲ್ಲು ತಾಗಿ ಗೀರಾದರೂ ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ತಕ್ಷಣ ಆಸ್ಪತ್ರೆಗೆ ಹೋಗಿ.

ನಿಮ್ಮ ಅತ್ತೆಯ ಭಯವನ್ನು ತಳ್ಳಿಹಾಕಬೇಡಿ. ಗೇಟಿನ ಆಚೆಯಿಂದಲೂ ನಾಯಿ ಮಗುವಿನ ಕಡೆ ನುಗ್ಗುತ್ತಿದ್ದರೆ ಅಥವಾ ಇಬ್ಬರನ್ನೂ ಬೇರೆಯಾಗಿಡುವುದು ನಿಮ್ಮಿಂದ ಆಗದಿದ್ದರೆ, ನಾಯಿಗಳ ವರ್ತನೆ ಬಲ್ಲ ಪಶುವೈದ್ಯರ ಸಲಹೆ ಪಡೆದು, ಮಕ್ಕಳಿಲ್ಲದ ಮನೆ ಹುಡುಕುವುದು ದ್ರೋಹವಲ್ಲ. ಆದರೆ ಅದು ಗುರುಗುಟ್ಟಿದ್ದನ್ನು ಕರೆದೊಯ್ಯುವವರಿಗೆ ಹೇಳಿಯೇ ಕೊಡಿ.