ನಿಮ್ಮ ಮಾವ ಕೊಟ್ಟ ಲಿಂಕನ್ ಪೆನ್ನಿಗಳ ಬಗ್ಗೆ

ಮಾವ ಅಮೆರಿಕದಿಂದ ತಂದ ಡಬ್ಬಿಯಲ್ಲಿ 1943ರ ಬೆಳ್ಳನೆಯ ಪೆನ್ನಿ (ಅಧ್ಯಕ್ಷ ಲಿಂಕನ್ ಮುಖವಿರುವ ಒಂದು ಸೆಂಟ್ ನಾಣ್ಯ), 1944ರ ತಾಮ್ರದ್ದು ಇವೆ, ತೊಳೆದು ಮಾರಿದರೆ ಎಷ್ಟು ಸಿಗುತ್ತದೆ ಅಂತ ಕೇಳಿದ್ದೀರಿ. ದಯವಿಟ್ಟು ತೊಳೆಯಬೇಡಿ! ಹುಣಸೆಹಣ್ಣು ಹಾಕಿ ಉಜ್ಜಿದರೆ ಇರುವ ಬೆಲೆಯೂ ಹೋಗುತ್ತದೆ.

ಹಿಂಬದಿಯಲ್ಲಿ ಎರಡು ಗೋಧಿ ತೆನೆ ಇದ್ದರೆ ಅದು 1909ರಿಂದ 1958ರೊಳಗಿನದು. 1959ರಿಂದ ಲಿಂಕನ್ ಸ್ಮಾರಕ, 2009ರಲ್ಲಿ ಮಾತ್ರ ಲಿಂಕನ್ ಬದುಕಿನ ನಾಲ್ಕು ಚಿತ್ರ, 2010ರಿಂದ ಗುರಾಣಿ. ಆದರೆ ಹಳೆಯದು ಅಂದ ಮಾತ್ರಕ್ಕೆ ದುಬಾರಿ ಅಲ್ಲ, ಗೋಧಿ ತೆನೆಯವನ್ನು ಕೋಟಿಗಟ್ಟಲೆ ಅಚ್ಚು ಹಾಕಿದ್ದಾರೆ, ಸವೆದವಕ್ಕೆ ಕೆಲವು ಸೆಂಟ್ ಅಷ್ಟೇ.

1943ರಲ್ಲಿ ಯುದ್ಧಕ್ಕೆ ತಾಮ್ರ ಬೇಕಿತ್ತು, ಹಾಗಾಗಿ ಸತು ಲೇಪಿಸಿದ ಉಕ್ಕು ಬಳಸಿದರು. ನಿಮ್ಮ ಬೆಳ್ಳನೆಯದು ಅದೇ, ಅಪರೂಪವೇನಲ್ಲ. ಆ ವರ್ಷ ತಪ್ಪಿ ತಾಮ್ರದಲ್ಲಿ ಅಚ್ಚಾದ ಬೆರಳೆಣಿಕೆಯವು, ಹಾಗೇ 1944ರಲ್ಲಿ ತಪ್ಪಿ ಉಕ್ಕಿನಲ್ಲಿ ಬಂದವು, ಇವಕ್ಕೆ ನಿಜವಾಗಿಯೂ ದೊಡ್ಡ ಬೆಲೆ. ಉಕ್ಕಿಗೆ ತಾಮ್ರ ಬಳಿದ ನಕಲಿಗಳೂ ಇವೆ, ಅಯಸ್ಕಾಂತ ಹಿಡಿದರೆ ತಕ್ಷಣ ಅಂಟಿಕೊಳ್ಳುತ್ತವೆ.

ಡಬ್ಬಿಯಲ್ಲಿ 1909ರದ್ದು ಇದೆಯಾ? ಇದ್ದರೆ ವರ್ಷದ ಕೆಳಗೆ ಎಸ್ (ಸ್ಯಾನ್ ಫ್ರಾನ್ಸಿಸ್ಕೊ ಟಂಕಸಾಲೆಯ ಗುರುತು), ಹಿಂಬದಿಯ ಅಂಚಿನಲ್ಲಿ ಶಿಲ್ಪಿ ವಿಕ್ಟರ್ ಡೇವಿಡ್ ಬ್ರೆನ್ನರ್ ಅವರ ವಿ.ಡಿ.ಬಿ. ಅಕ್ಷರ ಹುಡುಕಿ. ಎರಡೂ ಇರುವಂಥವು ಅಚ್ಚಾದದ್ದು ಬರೀ 4,84,000. ಸಿಕ್ಕಿದರೆ ಎರಡೂ ಕಡೆಯ ಫೋಟೊ ಇಲ್ಲೇ ಹಾಕಿ.