ಓಟ ಹೆಚ್ಚಿಸಿದ ಮೇಲೆ ಕಣಕಾಲು ನೋಯುತ್ತಿದೆ, ಮಾತ್ರೆ ನುಂಗಿ ಓಡಬಹುದೇ?

ಪೊಲೀಸ್ ಕಾನ್‌ಸ್ಟೆಬಲ್ ನೇಮಕಾತಿಯ 1600 ಮೀಟರ್ ಓಟಕ್ಕಾಗಿ ಅಭ್ಯಾಸ ಹೆಚ್ಚಿಸಿದ ಮೂರನೇ ವಾರದಿಂದ ಕಣಕಾಲಿನ ಒಳಬದಿ ನೋಯುತ್ತಿದೆ, ನೋವಿನ ಮಾತ್ರೆ ತೆಗೆದುಕೊಂಡು ಓಡಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಹಾಗೆ ಮಾಡಬೇಡಿ. ಮಾತ್ರೆಯಿಂದ ನೋವು ಅಡಗುತ್ತದೆಯೇ ಹೊರತು ಮೂಳೆಯ ಮೇಲೆ ಬೀಳುವ ಹೊರೆ ತಗ್ಗುವುದಿಲ್ಲ.

ನಾನು ವೈದ್ಯನಲ್ಲ, ಚಿಕ್ಕಮಗಳೂರಿನಲ್ಲಿ ಬಹುಕಾಲದಿಂದ ಓಡುತ್ತಿರುವವನು. ಇಲ್ಲಿನ ಜಿಲ್ಲಾ ಕ್ರೀಡಾಂಗಣದಲ್ಲಿ ನೇಮಕಾತಿಗೆ ಸಿದ್ಧರಾಗುವ ಹುಡುಗರು ಇದೇ ನೋವನ್ನು ಹೇಳಿಕೊಂಡಾಗ ಮೊದಲು ಕುಳಿತುಕೊಳ್ಳಲು ಹೇಳುತ್ತೇನೆ. ಪಾದದ ಗಂಟಿನ ಒಳಬದಿಯಿಂದ ಮೂಳೆಯ ಅಂಚಿನಗುಂಟ ಹೆಬ್ಬೆರಳಿನಿಂದ ಒತ್ತುತ್ತಾ ನಿಧಾನವಾಗಿ ಮೇಲಕ್ಕೆ ಬನ್ನಿ. ನೋವು ಐದು ಸೆಂಟಿಮೀಟರ್‌ಗಿಂತ ಉದ್ದಕ್ಕೆ ಹರಡಿದ್ದರೆ ಅದು ಬಹುಮಟ್ಟಿಗೆ ಶಿನ್ ಸ್ಪ್ಲಿಂಟ್ಸ್, ಅಂದರೆ ಓಟದ ಹೊರೆಯಿಂದ ಕಣಕಾಲಿನ ಮೂಳೆಯ ಅಂಚಿನಗುಂಟ ಬರುವ ನೋವು. ಬದಲಿಗೆ ಒಂದೇ ಚುಕ್ಕೆಯಲ್ಲಿ ಜೀವ ಹೋದಂತಾದರೆ, ಒಂಟಿಗಾಲಲ್ಲಿ ಕುಪ್ಪಳಿಸಲು ಆಗದಿದ್ದರೆ, ರಾತ್ರಿ ಮಲಗಿದಾಗಲೂ ನೋಯುತ್ತಿದ್ದರೆ, ಮೂಳೆಯಲ್ಲಿ ಸೂಕ್ಷ್ಮ ಬಿರುಕು ಬಿಟ್ಟಿರಬಹುದು. ಆಗ ಓಟ ಪೂರ್ತಿ ನಿಲ್ಲಿಸಿ ಮೂಳೆ ತಜ್ಞರಿಗೆ ತೋರಿಸಿ. ಇಂಥ ಬಿರುಕು ಮೊದಲ ಕೆಲವು ವಾರ ಎಕ್ಸ್‌ರೇಯಲ್ಲಿ ಕಾಣದೆ ಹೋಗಬಹುದು, ಆದ್ದರಿಂದ ಎಕ್ಸ್‌ರೇ ಚೆನ್ನಾಗಿದೆ ಎಂದ ಮಾತ್ರಕ್ಕೆ ಮತ್ತೆ ಓಡಲು ಹೊರಡಬೇಡಿ. ಒಂದೇ ಕಾಲಿನ ಮೀನಖಂಡ ಊದಿ ಬಿಸಿಯಾಗಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಮೂರನೇ ವಾರದಲ್ಲೇ ಏಕೆ ಬಂತು ಎಂಬುದನ್ನು ತಿಳಿದುಕೊಂಡರೆ ಮುಂದಿನ ದಾರಿ ಸುಲಭವಾಗುತ್ತದೆ. ಓಟ ಹೆಚ್ಚಿಸಿದಾಗ ಉಸಿರು ಬೇಗ ಹದಕ್ಕೆ ಬರುತ್ತದೆ. ಮೂಳೆ ಹಾಗಲ್ಲ; ಹೊಸ ಹೊರೆ ಬಿದ್ದ ಕಡೆ ಅದು ಮೊದಲು ಹಳೆಯ ಭಾಗವನ್ನು ಕರಗಿಸಿ, ಆಮೇಲೆ ಹೊಸದನ್ನು ಕಟ್ಟುತ್ತದೆ, ಇದಕ್ಕೆ ತಿಂಗಳುಗಳೇ ಬೇಕು. ಉಸಿರು ಹಗುರವಾಯಿತೆಂದು ನಾವು ಇನ್ನಷ್ಟು ಓಡುವ ಹೊತ್ತಿಗೇ ಮೂಳೆ ದುರ್ಬಲವಾಗಿರುತ್ತದೆ.

ಆದ್ದರಿಂದ ನಡೆಯುವಾಗ ನೋವಿಲ್ಲದಂತಾಗುವವರೆಗೆ ಓಟದ ಬದಲು ಸೈಕಲ್ ತುಳಿಯಿರಿ. ಬಳಿಕ ದಿನ ಬಿಟ್ಟು ದಿನ, ಒಂದು ನಿಮಿಷ ಓಟ, ಒಂದು ನಿಮಿಷ ನಡಿಗೆ ಎಂದು ಆರಂಭಿಸಿ. ಮರುದಿನ ಬೆಳಿಗ್ಗೆ ಕಾಲು ನೆಲಕ್ಕಿಟ್ಟಾಗ ನೋವಿದ್ದರೆ ಹಿಂದಿನ ದಿನ ಓಡಿದ್ದು ಹೆಚ್ಚಾಯಿತೆಂದೇ ತಿಳಿಯಿರಿ. ದೂರ ಮತ್ತು ವೇಗ ಎರಡನ್ನೂ ಒಂದೇ ವಾರದಲ್ಲಿ ಏರಿಸಬೇಡಿ. 1600 ಮೀಟರ್ ಅನ್ನು 6 ನಿಮಿಷ 30 ಸೆಕೆಂಡಿನೊಳಗೆ ಮುಗಿಸಬೇಕೆಂದು ನಿತ್ಯವೂ ಗಡಿಯಾರ ಹಿಡಿದು ಓಡುವವರೇ ಹೆಚ್ಚು; ಆ ವೇಗದ ಓಟ ವಾರಕ್ಕೆ ಒಂದೆರಡು ಬಾರಿ ಸಾಕು, ಉಳಿದ ದಿನ ಮಾತಾಡುತ್ತಾ ಓಡುವಷ್ಟು ನಿಧಾನವಿರಲಿ. ಹೆಜ್ಜೆ ಸ್ವಲ್ಪ ಗಿಡ್ಡವಾಗಿ, ಸಂಖ್ಯೆಯಲ್ಲಿ ಸ್ವಲ್ಪ ಹೆಚ್ಚಾಗಿ ಬಿದ್ದರೆ ಮೂಳೆಗೆ ತಾಗುವ ಪೆಟ್ಟು ಕಡಿಮೆಯಾಗುತ್ತದೆ.

ನಮ್ಮ ಕಡೆಯ ಇಳಿಜಾರಿನ ಬಗ್ಗೆ ಹೇಳಲೇಬೇಕು. ಕೈಮರದಿಂದ ಮುಳ್ಳಯ್ಯನಗಿರಿಯತ್ತ ಏರುವ ರಸ್ತೆಯಲ್ಲಿ ಹತ್ತುವುದೇ ಕಷ್ಟ ಎಂದು ಎಲ್ಲರೂ ಭಾವಿಸುತ್ತಾರೆ, ಆದರೆ ಇಳಿಯುವಾಗ ಪ್ರತಿ ಹೆಜ್ಜೆಯಲ್ಲೂ ಮೈಭಾರವನ್ನು ಕಾಲೇ ತಡೆದು ನಿಲ್ಲಿಸಬೇಕಾಗುತ್ತದೆ. ನೋವು ವಾಸಿಯಾಗುವವರೆಗೆ ಅಂಥ ದಾರಿಗೆ ಹೋಗಬೇಡಿ. ಆಮೇಲೂ ಕೆಲವು ವಾರ ಇಳಿಜಾರಿನಲ್ಲಿ ನಡೆದೇ ಬನ್ನಿ.

ಜೊತೆಗೆ ಮೆಟ್ಟಿಲಂಚಿನಲ್ಲಿ ಮುಂಗಾಲೂರಿ ಹಿಮ್ಮಡಿ ಎತ್ತಿ ನಿಧಾನವಾಗಿ ಇಳಿಸುವ ವ್ಯಾಯಾಮವನ್ನು, ಒಮ್ಮೆ ಮಂಡಿ ನೇರವಾಗಿಟ್ಟು, ಇನ್ನೊಮ್ಮೆ ಸ್ವಲ್ಪ ಮಡಚಿ, ನೋವಿಲ್ಲದಷ್ಟು ಮಾಡಿ. ಎರಡು ಮೂರು ವಾರ ಹೀಗೆ ನಡೆದುಕೊಂಡರೂ ನೋವು ಇಳಿಯದಿದ್ದರೆ ಫಿಸಿಯೋಥೆರಪಿಸ್ಟ್ ಅಥವಾ ಮೂಳೆ ತಜ್ಞರನ್ನು ಕಂಡು, ಓಟವನ್ನು ಯಾವಾಗ, ಎಷ್ಟು ಹೆಚ್ಚಿಸಿದಿರಿ ಎಂಬುದನ್ನು ಬರೆದುಕೊಂಡು ಹೋಗಿ ತೋರಿಸಿ.